ಓಮ್ನಿಯ ತುಕ್ಕು

ಮಂಡ್ಯದ ನಮ್ಮ ಮನೆಯಂಗಳದಲ್ಲಿ ಹಳೆಯ ಮಾರುತಿ ಓಮ್ನಿ ಈಗ ಬಾಗಿಲು ಕಳಚಿಕೊಂಡು ನಿಂತಿದೆ. ಹೊರಗೆ ಬಣ್ಣ ಸ್ವಲ್ಪ ಉಬ್ಬಿದಂತೆ ಕಂಡಿತ್ತು, ಅಷ್ಟೇ. ಸ್ಕ್ರೂಡ್ರೈವರ್ ಒತ್ತಿದ್ದೇ ತಡ, ಜಾರುಬಾಗಿಲಿನ ಕೆಳಗಿನ ತಗಡು ನೆನೆದ ಹಪ್ಪಳದಂತೆ ಒಳಗೆ ಹೋಯಿತು. ಉದುರಿದ್ದು ಕೆಂಪು ಪುಡಿ, ಗಟ್ಟಿಯಾದ ಕೆಸರು, ಒಂದಿಷ್ಟು ಕಬ್ಬಿನ ರವದಿ! ನೀರು ಹರಿದುಹೋಗುವ ರಂಧ್ರ ಮುಚ್ಚಿಹೋದರೆ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಎಷ್ಟು ಪಾಲಿಶ್ ಹಚ್ಚಿದರೂ ಅಷ್ಟೇ.

ಸ್ಪಾಟ್ ವೆಲ್ಡ್‌ಗಳನ್ನು, ಅಂದರೆ ತಗಡುಗಳನ್ನು ಹಿಡಿದಿಟ್ಟ ಚುಕ್ಕಿ ಬೆಸುಗೆಗಳನ್ನು, ಡ್ರಿಲ್‌ನಿಂದ ಬಿಡಿಸಿ, ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿದೆ. ಹೊಸ ಪ್ಯಾನೆಲನ್ನು ಉದ್ದಕ್ಕೂ ಒಂದೇ ಸಮನೆ ಬೆಸೆಯುವಂತಿಲ್ಲ, ತೆಳು ತಗಡು ಶಾಖಕ್ಕೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡಬೇಕು. ಬ್ಯಾಟರಿಯ ತಂತಿ ಮೊದಲೇ ಕಳಚಿರಬೇಕು.

‘2019ರಲ್ಲಿ ತಯಾರಿಕೆಯೇ ನಿಂತ ಗಾಡಿಗೆ ಇಷ್ಟೆಲ್ಲ ಯಾಕೆ? ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮಾರಿಬಿಡಿ’ ಎನ್ನುತ್ತಾರೆ ಪಕ್ಕದ ಮನೆಯವರು. ಹಾಗೆ ಮೆತ್ತಿಸಿಕೊಂಡ ಗಾಡಿಗಳೇ ಊರಿನ ತುಂಬ ಓಡಾಡುತ್ತಿವೆ ಎಂಬುದು ನನ್ನ ಹಳೆಯ ಅನುಮಾನ. ಕೊಂಡವರ ಕಾಲಡಿಯ ತಗಡು ಹೇಗಿದೆಯೆಂದು ಮಾರಿದವರಿಗೆ ಮಾತ್ರ ಗೊತ್ತು.

ಇನ್ನು ಸತುವಿನ ಪ್ರೈಮರ್ ಬಳಿದು, ಟೊಳ್ಳಿನೊಳಗೆ ಮೇಣ ಸಿಂಪಡಿಸುವುದು ಬಾಕಿ. ಮುಂಗಾರಿಗೆ ಮುನ್ನ ಬಾಗಿಲು ಕೂರಿಸಬೇಕು.