ಹೇಜಲ್‌ನಟ್ ಡೈರಿ: ಕೊನೆಗೂ ತಿರುಳು ಕಟಕ್ ಅಂದಿತು

ಇವತ್ತು ಬೆಳಗ್ಗೆ ನನ್ನ ಹೇಜಲ್ ಗಿಡದ (ಗಟ್ಟಿ ಚಿಪ್ಪಿನೊಳಗೆ ಬಾದಾಮಿಯಂಥ ತಿರುಳಿರುವ ಕಾಯಿ ಬಿಡುವ ಗಿಡ) ಒಂದು ಕಾಯಿ ಒಡೆದು ತಿರುಳು ಕಚ್ಚಿದೆ. ಕಟಕ್! ಮೂರು ವರ್ಷದಿಂದ ಈ ಸದ್ದಿಗಾಗಿ ಕಾದಿದ್ದೆ. ಹೋದ ವರ್ಷ ಇದೇ ಹೊತ್ತಿಗೆ ಎರಡು ಡಬ್ಬಿ ಕಾಯಿ ಬೂಸ್ಟು ಹಿಡಿದು, ಪೂರ್ತಿ ಗೊಬ್ಬರದ ಗುಂಡಿ ಸೇರಿತ್ತು. ಆ ಸಂಕಟ ಬೆಳೆದವರಿಗೇ ಗೊತ್ತು.

ಮೊದಲು ಕೊಯ್ಲಿನ ವಿಷಯ. ಹಸಿರು ಸಿಪ್ಪೆಯೊಳಗೆ ಕಾಯಿ ಬೆರಳಿಗೆ ಸಲೀಸಾಗಿ ತಿರುಗಬೇಕು. ಚಿಪ್ಪು ಮೊದಲು ಪೂರ್ತಿ ಬೆಳೆದುಬಿಡುತ್ತದೆ, ತಿರುಳು ತುಂಬುವುದು ಆಮೇಲೆ. ಅಳಿಲಿಗೆ ಹೆದರಿ ಬೇಗ ಕಿತ್ತರೆ ಒಣಗಿದ ಮೇಲೆ ಸುರುಟಿದ ತಿರುಳೇ ಗತಿ. ಈ ಸಲ ಬಿದ್ದದ್ದನ್ನು ದಿನಕ್ಕೆರಡು ಸಲ ಆರಿಸಿದೆ. ಅಳಿಲಿನ ಪಾಲು ಅಳಿಲಿಗೆ ಹೋಯಿತು, ಪರವಾಗಿಲ್ಲ.

ತಿರುಳು ತುಂಬಿದ ಕಾಯಿ ನೀರಲ್ಲಿ ಮುಳುಗುತ್ತದೆ, ಕೆಟ್ಟದ್ದು ತೇಲುತ್ತದೆ. ಬಕೆಟ್ ನೀರಿಗೆ ಹಾಕಿದಾಗ ತೇಲಿದ್ದು ಮಾತ್ರ ಜಾಸ್ತಿ. ಒಡೆದು ನೋಡಿದರೆ ಹುಳು ತಿಂದದ್ದು ಕಡಿಮೆ, ಬರೀ ಜೊಳ್ಳೇ ಹೆಚ್ಚು. ಸರಿಯಾಗಿ ಪರಾಗ ಸಿಗದ್ದೂ ಒಂದು ಕಾರಣ ಇರಬಹುದು. ಹೇಜಲ್ ಗಿಡಕ್ಕೆ ತನ್ನದೇ ಪರಾಗ ಹಿಡಿಯುವುದಿಲ್ಲ, ಬೇರೆ ತಳಿಯ ಗಿಡ ಹತ್ತಿರ ಬೇಕು. ನನ್ನ ಎರಡನೇ ತಳಿ ಇನ್ನೂ ಮೊಣಕಾಲೆತ್ತರ. ಅದಕ್ಕೇ ಈ ಚಳಿಗಾಲದಲ್ಲಿ ಬೇರೆ ತಳಿಯ ಕೊಂಬೆಗಳನ್ನು ಜೋತುಬಿದ್ದ, ಪರಾಗ ಕೊಡುವ ಗಂಡು ಹೂಗೊಂಚಲಿನ ಸಮೇತ ತಂದು, ನೀರಿನ ಬಾಟಲಿಯಲ್ಲಿಟ್ಟು ನನ್ನ ಗಿಡಕ್ಕೇ ಕಟ್ಟುತ್ತೇನೆ. ಆ ಪುಟಾಣಿ ಕೆಂಪು ಹೆಣ್ಣುಹೂ ಬಿಟ್ಟ ದಿನ ಸಿಕ್ಕಬೇಕು, ಅಷ್ಟೇ. ಅದರ ಕತೆ ಆಮೇಲೆ ಬರೆಯುತ್ತೇನೆ.

ಈಗ ಬೂಸ್ಟಿನ ವಿಷಯ. ಅಲ್ಲಾಡಿಸಿದಾಗ ತಿರುಳು ಗಲಗಲ ಅಂದರೆ ಒಣಗಿತು ಎಂದು ನಂಬಿದ್ದೆ. ಅದು ತಪ್ಪು. ತಿರುಳು ಸ್ವಲ್ಪ ಕುಗ್ಗಿದರೂ ಸದ್ದು ಬರುತ್ತದೆ, ಒಳಗೆ ತೇವ ಇದ್ದೇ ಇರುತ್ತದೆ. ಕಚ್ಚಿದರೆ ರಬ್ಬರ್. ಅದನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಬೂಸ್ಟು ಬರದೆ ಇನ್ನೇನು?

ಇನ್ನೊಂದು ಮೋಸವೂ ಇತ್ತು. ಒಣಗಿಸುವ ಕೋಣೆಯಲ್ಲಿಟ್ಟ ತೇವಾಂಶದ ಮೀಟರ್ ಯಾವಾಗಲೂ ಶೇಕಡಾ 50ರ ಆಸುಪಾಸು ತೋರಿಸುತ್ತಿತ್ತು. ಈ ಸಲ ಅನುಮಾನ ಬಂದು ಉಪ್ಪಿನ ಪರೀಕ್ಷೆ ಮಾಡಿದೆ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು, ಒದ್ದೆ ಮರಳಿನಂತಾಗುವಷ್ಟು ನೀರು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟೆ. ಅಂಥ ಒದ್ದೆ ಉಪ್ಪಿನ ಜೊತೆ ಮುಚ್ಚಿಟ್ಟ ಗಾಳಿಯ ತೇವಾಂಶ ಶೇಕಡಾ 75ರ ಹತ್ತಿರ ನಿಲ್ಲುತ್ತದೆ, ಹಾಗಾಗಿ ಮೀಟರ್ 75 ತೋರಿಸಬೇಕು. ತೋರಿಸಿದ್ದು 58! ಮಾರಿದವನಿಗೆ ಹೇಳಿದರೆ "ಬ್ಯಾಟರಿ ಬದಲಿಸಿ ನೋಡಿ" ಎಂಬ ಉತ್ತರ. ಬದಲಿಸಿದೆ, ಮತ್ತೆ 58. ಕಾಯಿ ಹರಡಿ ಒಣಗಿಸುವ ಜಾಲರಿ ಕಳಿಸಿದವನ ಕತೆ ಇನ್ನೊಂದು: ಸಣ್ಣ ಕಣ್ಣಿನದು ಕೇಳಿದ್ದೆ, ಬಂದದ್ದರಲ್ಲಿ ಅರ್ಧ ಕಾಯಿ ಕೆಳಗೇ ಉದುರುತ್ತಿತ್ತು. ಕೋಪ ಬರುತ್ತೆ, ಅಲ್ವಾ?

ಕೊನೆಗೆ ಕೈ ಹಿಡಿದದ್ದು ಅಡುಗೆಮನೆಯ ತಕ್ಕಡಿ. 50 ಕಾಯಿ ಎಣಿಸಿ ಬೇರೆ ಚೀಲಕ್ಕೆ ಹಾಕಿದೆ. ಜಾಲರಿ ಚೀಲ, ಉಳಿದ ಕಾಯಿಗಳ ನಡುವೆಯೇ ಇಟ್ಟೆ. ದಿನಾ ಬೆಳಗ್ಗೆ ತೂಕ. ಮೊದಲ ದಿನ 204 ಗ್ರಾಂ. 9ನೇ ದಿನ 173. ಗಲಗಲ ಶುರುವಾದದ್ದು ಆವಾಗಲೇ! ಹೋದ ವರ್ಷ ಡಬ್ಬಿಗೆ ತುಂಬಿದ್ದು ಇದೇ ಹಂತದಲ್ಲಿ. ಈ ಸಲ ಸುಮ್ನೆ ಕಾದೆ. ಫ್ಯಾನ್ ಹಾಕಿದೆ, ಬಿಸಿ ಹಾಕಲಿಲ್ಲ. ತಿರುಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುವುದರಿಂದ ಬಿಸಿ ಜಾಸ್ತಿಯಾದರೆ ಬೇಗ ಕಮಟು ಹಿಡಿಯುತ್ತದೆ. 19ನೇ ದಿನ 161. 20ನೇ ದಿನವೂ 161. 21ಕ್ಕೂ ಅಷ್ಟೇ. ತೂಕ ಇಳಿಯುವುದು ನಿಂತಿತು, ಅಂದರೆ ಒಣಗಿತು. ಒಡೆದರೆ ಹಾಲುಬಿಳುಪು ಹೋಗಿ ಕೆನೆಬಣ್ಣದ ತಿರುಳು.

ಮುಕ್ಕಾಲು ಪಾಲು ಕಾಯಿಯನ್ನು ಚಿಪ್ಪಿನ ಸಮೇತ ಬಲೆಚೀಲದಲ್ಲಿ ತಣ್ಣನೆ ಕೋಣೆಯಲ್ಲಿ ತೂಗುಹಾಕಿದ್ದೇನೆ. ಉಳಿದದ್ದನ್ನು ಒಡೆದು, ತಿರುಳನ್ನು ಫ್ರೀಜರ್‌ಗೆ ಹಾಕಿದೆ. ಆ 50 ಕಾಯಿಯ ಚೀಲ ಮಾತ್ರ ತಕ್ಕಡಿಯ ಪಕ್ಕದಲ್ಲೇ ಇದೆ. ವಾರಕ್ಕೊಮ್ಮೆ ತೂಗುತ್ತೇನೆ. ಮತ್ತೆ ತೇವ ಹೀರಿ 165 ಗ್ರಾಂ ದಾಟಿದರೆ ಚಿಪ್ಪಿನ ಕಾಯಿ ಎಲ್ಲವೂ ಮತ್ತೆ ಜಾಲರಿಯ ಮೇಲೆ, ಫ್ಯಾನಿನ ಕೆಳಗೆ.