ಮನೆಯಲ್ಲಿ ಮದುವೆಯೇ?

ಚಿಕ್ಕಬಳ್ಳಾಪುರದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಅಣ್ಣ 2016ರಲ್ಲಿ ಈಜುಕೊಳ ಕಟ್ಟಿಸಿದ. ಖರ್ಚು ಒಂಬತ್ತು ಲಕ್ಷ. ‘ಮಾರುವಾಗ ಹದಿನೈದು ಎಣಿಸಿಕೊಳ್ಳುತ್ತೇವೆ, ನೋಡುತ್ತಿರು’ ಎಂದಿದ್ದ. ಎರಡು ಬೇಸಿಗೆ ಮಕ್ಕಳು ಈಜಿದರು. ಆಮೇಲೆ ಕಪ್ಪೆಗಳು.

2024ರ ಮಾರ್ಚ್‌ನಲ್ಲಿ ಮನೆ ಮಾರುವ ಕೆಲಸ ನನ್ನ ತಲೆಗೆ ಬಂತು. ಅಣ್ಣ ಅಷ್ಟರಲ್ಲಿ ಪುಣೆ ಸೇರಿದ್ದ. ಭಾನುವಾರ ಬೆಂಗಳೂರಿನಿಂದ ಪಾರ್ಟಿ ಬರುತ್ತದೆ, ಒಣಗಿದ ಕೊಳ ಹಾಳುಬಾವಿಯಂತೆ ಕಾಣುತ್ತದೆ, ತುಂಬಿಸಿಡಿ ಎಂದ ದಲ್ಲಾಳಿ. 24 ಅಡಿ ಉದ್ದ, 12 ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಲೆಕ್ಕ ಹಾಕಿದರೆ 36 ಸಾವಿರ ಲೀಟರಿಗೂ ಮಿಕ್ಕಿತು. ನಮ್ಮ ಕೊಳವೆಬಾವಿಯೋ ಕೊಡ ತುಂಬಿಸಲೂ ಕೆಮ್ಮುತ್ತಿತ್ತು. ಆರು ಸಾವಿರ ಲೀಟರಿನ ಆರು ಟ್ಯಾಂಕರ್ ತರಿಸಿದೆ. ನಾಲ್ಕನೆಯದು ಒಳಗೆ ಬರುವಾಗ, ಖಾಲಿ ಕೊಡ ಹಿಡಿದು ಬೀದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಕೇಳಿದರು: ‘ಏನಪ್ಪಾ, ಮನೆಯಲ್ಲಿ ಮದುವೆಯೇ?’ ಹೂಂ ಎಂದುಬಿಟ್ಟೆ. ಬೇರೇನು ಹೇಳಲಿ?

ಬಂದವರು ಗಂಡ, ಹೆಂಡತಿ, ಮೂರು ವರ್ಷದ ಮಗು. ಹೆಂಡತಿ ಮನೆಯೊಳಗೆ ಕಾಲಿಡುವ ಮೊದಲೇ ಮಗುವಿನ ರಟ್ಟೆ ಹಿಡಿದುಕೊಂಡರು, ಹೊರಡುವವರೆಗೂ ಬಿಡಲಿಲ್ಲ. ನಂದಿ ಬೆಟ್ಟ ತೋರಿಸಿದೆ, ಅವರು ನೋಡಿದ್ದು ಕೊಳಕ್ಕೆ ಬೇಲಿ ಇದೆಯೇ ಎಂದು. ಗಂಡ ಅಂಚಿನಲ್ಲಿ ಕುಳಿತು, ಗಡಸು ನೀರು ಟೈಲ್ಸಿನ ಮೇಲೆ ಎಳೆದಿದ್ದ ಬಿಳಿ ಪಟ್ಟೆಯನ್ನು ಉಗುರಿನಿಂದ ಕೆರೆದರು. ಫಿಲ್ಟರ್ ಮೋಟಾರು ದಿನಕ್ಕೆಷ್ಟು ಗಂಟೆ ಓಡಬೇಕು, ಕ್ಲೋರಿನ್ನಿಗೆ ತಿಂಗಳಿಗೆಷ್ಟು, ಬಿಸಿಲಿಗೆ ಎಷ್ಟು ನೀರು ಆರಿಹೋಗುತ್ತದೆ? ದಿನಕ್ಕೆ ಆರು ಮಿಲಿಮೀಟರ್ ಇಳಿದರೂ ಈ ಅಳತೆಗೆ 160 ಲೀಟರ್ ಎಂದು ಅವರೇ ಮೊಬೈಲಿನಲ್ಲಿ ಗುಣಿಸಿದರು. ಆ ತಿಂಗಳೇ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ‘ನಮ್ಮ ಅಪಾರ್ಟ್‌ಮೆಂಟಿನ ಕೊಳವೇ ಖಾಲಿ ಬಿದ್ದಿದೆ’ ಎಂದು ನಕ್ಕರು. ಮಾತು ದರಕ್ಕೆ ಬಂದಾಗ ನಗಲಿಲ್ಲ. ಕೊಳ ಮುಚ್ಚಿಸಿ ನೆಲ ಸಮ ಮಾಡಿಸಲು ಎರಡು ಲಕ್ಷವಾಗುತ್ತದೆ, ಅದನ್ನು ಕಳೆದುಕೊಂಡು ಹೇಳಿ ಎಂದರು.

ಅಣ್ಣನ ಹದಿನೈದು ಲಕ್ಷ ನನ್ನ ಕಣ್ಣೆದುರೇ ಸೊನ್ನೆಗಿಂತ ಕೆಳಗಿಳಿಯಿತು. ಫೋನ್ ಮಾಡಿ ಹೇಳಿದರೆ, ‘ಅವರಿಗೆ ರುಚಿ ಇಲ್ಲ ಬಿಡು’ ಎಂದ.

ಸಂಜೆ ಪಕ್ಕದ ದ್ರಾಕ್ಷಿ ತೋಟದ ಗೌಡರು ಬಂದರು. ಅವರು ಕೋಣೆಗಳನ್ನು ಸರಿಯಾಗಿ ನೋಡಲೇ ಇಲ್ಲ. ನೇರ ಹಿತ್ತಲಿಗೆ ನಡೆದು, ಕೊಳದ ಸುತ್ತ ಒಂದು ಸುತ್ತು ಹಾಕಿ, ಸೋರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ತೋಟದ ಮೋಟಾರಿಗೆ ತ್ರೀ ಫೇಸ್ ವಿದ್ಯುತ್ ಬರುವುದು ಹೆಚ್ಚಾಗಿ ರಾತ್ರಿ. ಆಗ ಎತ್ತಿದ ನೀರನ್ನು ಇಲ್ಲಿ ತುಂಬಿಕೊಂಡರೆ ಹಗಲು ಡ್ರಿಪ್‌ಗೆ ಬಿಡಬಹುದು ಎಂದರು. ಈಜುಕೊಳಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಲಿಲ್ಲ; ಮುಚ್ಚುವ ಖರ್ಚೆಂದು ಕಡಿಮೆಯನ್ನೂ ಮಾಡಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಮುಂಗಡ ಎಣಿಸಿ ಕೊಟ್ಟವರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

‘ನೀರಿಗೆ ಔಷಧಿ ಹಾಕಿದ್ದೀರಾ?’

‘ಇನ್ನೂ ಇಲ್ಲ.’

‘ಹಾಕಬೇಡಿ. ಹಾಗೇ ಬಿಟ್ಟುಹೋಗಿ.’

ಗೇಟಿಗೆ ಬೀಗ ಹಾಕುವಾಗ ಅಜ್ಜಿ ಮತ್ತೆ ಎದುರಾದರು. ಮದುವೆ ಯಾವತ್ತು ಎಂದು ಕೇಳಿದರು. ಅವರ ಕೊಡವನ್ನು ಇಸಿದುಕೊಂಡು ಹಿತ್ತಲಿಗೆ ಹೋದೆ.