ಪದ್ಮಿನಿಯ ಸೊಂಟದ ಉಳುಕು

ಕೊನೆಗೂ ನಾಲ್ಕು ಚಕ್ರಗಳೂ ನೆಲ ಮುಟ್ಟಿವೆ. ನಾನು ಕಟ್ಟುತ್ತಿರುವ ಮಾದರಿ ಕಾರು 1/24 ಅಳತೆಯ ಪ್ರೀಮಿಯರ್ ಪದ್ಮಿನಿ, ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ. ಬಾಡಿ ಪಾಲಿಯುರೆಥೇನ್ ರೆಸಿನ್‌ನದು (ಅಚ್ಚಿಗೆ ಸುರಿದು ಗಟ್ಟಿಮಾಡುವ ಪ್ಲಾಸ್ಟಿಕ್), ಕೆಳಗಿನದೆಲ್ಲ ಇಟಲೆರಿ ಕಂಪನಿಯ ಫಿಯೆಟ್ 131 ಅಬಾರ್ಥ್ ಮಾದರಿ ಕಾರಿನ ಕಿಟ್‌ನದು. ತೊಳೆದದ್ದು, ಗುಳ್ಳೆ ಮುಚ್ಚಿದ್ದು, ಉಜ್ಜಿದ್ದು ನಿಮಗೆ ಗೊತ್ತಿರುವುದೇ, ಬಿಡಿ.

ಚಾಸಿ ತಂಟೆ ಮಾಡಲಿಲ್ಲ. 131ರ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 2490 ಮಿ.ಮೀ., ಪದ್ಮಿನಿಯದು 2340. ನಮ್ಮ ಅಳತೆಯಲ್ಲಿ ಆರೂಕಾಲು ಮಿ.ಮೀ. ನಡುವಿನಿಂದ ತೆಗೆದು ಅಂಟಿಸಿದರೆ ಮುಗಿಯಿತು. ಬಾನೆಟ್ ತೆರೆಯುವುದಿಲ್ಲವಾದ್ದರಿಂದ 1089 ಸಿಸಿ ಎಂಜಿನ್‌ನ ಚಿಂತೆಯೂ ಇಲ್ಲ.

ರಗಳೆಯೆಲ್ಲ ಬಾಡಿಯದು. ಗಾಜಿನ ಮೇಲಿಟ್ಟರೆ ಹಿಂದಿನ ಎಡಮೂಲೆ ಎರಡು ಮಿ.ಮೀ. ಎದ್ದು ನಿಲ್ಲುತ್ತಿತ್ತು. ಅಸಲಿ ಕಾರಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಎರಡು ಇಂಚು. ಮಾರಿದ ಮಹಾಶಯರಿಗೆ ಫೋಟೊ ಕಳಿಸಿದೆ. “ಬಿಸಿನೀರಿನಲ್ಲಿ ಅದ್ದಿ ಸರ್, ಸರಿಹೋಗುತ್ತದೆ” ಎಂದರು. ದುಡ್ಡು ಕೇಳುವಾಗ ಪುಟಗಟ್ಟಲೆ ಬರೆದಿದ್ದವರು ಅಷ್ಟಕ್ಕೇ ಮೌನವ್ರತ ಹಿಡಿದರು.

ಅದ್ದಿದೆ. ಮೆತ್ತಗಾದದ್ದನ್ನು ತಿರುಚಿ ತಣ್ಣೀರಿಗೆ ಹಾಕಿದರೆ ಸಪಾಟಾಗಿ ಕುಳಿತಿತು. ಬೆಳಿಗ್ಗೆ ನೋಡಿದರೆ ಅದೇ ಮೂಲೆ ಮತ್ತೆ ಮೇಲಕ್ಕೆ! ನಾಯಿ ಬಾಲದ ಗಾದೆ ಕಟ್ಟಿದವರ ಮನೆಯಲ್ಲಿ ಪಾಲಿಯುರೆಥೇನ್ ಇದ್ದಿರಬೇಕು.

ಈ ರೆಸಿನ್ ಗಟ್ಟಿಯಾಗುವುದು ತನ್ನದೇ ಕಾವಿನಲ್ಲಿ. ಬಾಗಿಲ ಕೆಳಗಿನ ದಪ್ಪ ಪಟ್ಟಿಗೆ ಕಾವು ಹೆಚ್ಚು, ಬೇಗ ಗಟ್ಟಿಯಾಗುತ್ತದೆ. ಕಿಟಕಿ ನಡುವಿನ ತೆಳು ಕಂಬಗಳು ಹಿಂದೆ ಬೀಳುತ್ತವೆ. ಆರ್ಡರ್ ಪೂರೈಸುವ ಆತುರದಲ್ಲಿ ಅಚ್ಚಿನಿಂದ ಕಿತ್ತರೆ ಕಂಬಗಳು ವಾಲಿ, ವಾಲಿದಂತೆಯೇ ಗಟ್ಟಿಯಾಗುತ್ತವೆ. ಆಮೇಲೆ ನಾವು ತಣ್ಣೀರು ಸುರಿದಾಗ ತಣಿಯುವುದು ಮೇಲ್ಮೈ ಮಾತ್ರ. ಒಳಗಿನ ಎಳೆತ ಹಾಗೇ ಇರುತ್ತದೆ.

ಹಾಗಾಗಿ ಪ್ಲೈವುಡ್ ಹಲಗೆಗೆ ಬಾಡಿಯನ್ನು ಕಟ್ಟಿದೆ. ತುಂಟ ಮೂಲೆಯ ಕೆಳಗೆ ಹಲಗೆಯನ್ನು ಕೆತ್ತಿ, ಅದನ್ನು ಬೇಕಾದ್ದಕ್ಕಿಂತ ಒಂದು ಮಿ.ಮೀ. ಹೆಚ್ಚೇ ತಗ್ಗಿಸಿದೆ. ಹಲಗೆ ಸಮೇತ ಬಿಸಿನೀರಿಗೆ ಇಳಿಸಿ, ಪಾತ್ರೆಯಲ್ಲೇ ತಾನಾಗಿ ಆರಲು ಬಿಟ್ಟೆ. ಬಿಚ್ಚಿದಾಗ ಆ ಹೆಚ್ಚುವರಿ ಬಾಗು ಹಿಂದಕ್ಕೆ ಬಂದು ಗಾಜಿಗೆ ಸರಿಯಾಗಿ ಕುಳಿತಿತು. ಅದು ಮನಸ್ಸು ಬದಲಾಯಿಸುವ ಮೊದಲೇ ಎರಡೂ ಬದಿಯ ಪಟ್ಟಿಗಳ ಒಳಗೆ ಹಿತ್ತಾಳೆ ಸರಳು, ಹಿಂದಿನ ಸೀಟಿನ ಅಡಿ ಒಂದು ಅಡ್ಡಸರಳು ಕೂರಿಸಿ ಎಪಾಕ್ಸಿ ಅಂಟು ಹಾಕಿದೆ. ಸೂಪರ್‌ಗ್ಲೂ ಬೇಡ, ಎಳೆತ ಬಿದ್ದರೆ ಚಟ್ಟನೆ ಬಿಟ್ಟುಕೊಳ್ಳುತ್ತದೆ.

ಎಪಾಕ್ಸಿ ಒಣಗುವಾಗ ಸುಮ್ಮನೆ ಕೂರಲಾಗದೆ ಮುಂದಿನ ಗಾಡಿಯ ಲೆಕ್ಕ ಹಾಕಿದೆ: ನಮ್ಮ ಬೆಂಗಳೂರಿನ ಸಿಪಾನಿ ಡಾಲ್ಫಿನ್. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್, ಬಾಡಿ ಫೈಬರ್‌ಗ್ಲಾಸ್. ಅಂದರೆ ಅಸಲಿ ಕಾರಿನ ಮೈಯೇ ರೆಸಿನ್. ನಾವು ಅಳತೆ ಇಳಿಸುವುದಷ್ಟೇ. ತಮಿಯಾ ಕಂಪನಿಯ ಮಿನಿ ಕೂಪರ್ ಕಿಟ್‌ನ ಚಾಸಿಯನ್ನು ನಾಲ್ಕೂವರೆ ಮಿ.ಮೀ. ಹಿಗ್ಗಿಸಿದರೆ ಸಾಕು. ಅದು ಮುಂದಿನ ಚಕ್ರ ಎಳೆಯುವ ಚಾಸಿ, ಡಾಲ್ಫಿನ್‌ನದು ಹಿಂದಿನ ಚಕ್ರ ಎಂದು ತಕರಾರು ತೆಗೆಯುವವರು ಗಾಡಿಯನ್ನು ಮಗುಚಿ ನೋಡದಿರಲಿ. ಮಾಸ್ಟರ್, ಅಂದರೆ ಅಚ್ಚು ತೆಗೆಯುವ ಬಾಡಿಯ ಮೂಲಮಾದರಿ, ಮಾತ್ರ ನಾನೇ ಕೆತ್ತಬೇಕು.

ಇತ್ತ ಟ್ಯಾಕ್ಸಿಗೆ ಕ್ಯಾರಿಯರ್, ಬಾನೆಟ್ ಪಕ್ಕದ ಮೀಟರ್ ಬಾಕಿ. ನಂಬರ್ ಪ್ಲೇಟ್ ಮುಂಬೈಯ ತಾಡದೇವ್ ಆರ್‌ಟಿಒದ್ದೇ ಆಗಬೇಕು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು ಅಲ್ಲೇ, 2003ರ ಅಕ್ಟೋಬರ್ 29ರಂದು; ಇಪ್ಪತ್ತು ವರ್ಷದ ಮಿತಿ ಮುಗಿದು 2023ರಲ್ಲಿ ರಸ್ತೆ ಬಿಟ್ಟಿತು. ಬಣ್ಣದಲ್ಲಿ ಹಳದಿಯೇ ಮೊದಲು, ಕಪ್ಪು ಆಮೇಲೆ. ಆದರೆ ಅಂಗಡಿಯವರು ಕಳಿಸಿರುವ “ಟ್ಯಾಕ್ಸಿ ಹಳದಿ” ಡಬ್ಬಿ ತೆರೆದರೆ ಒಳಗಿರುವುದು ಅಪ್ಪಟ ನಿಂಬೆ ಬಣ್ಣ. ವಾಪಸ್ ಕಳಿಸುವ ಕೊರಿಯರ್ ಖರ್ಚು ನನ್ನದಂತೆ.